ರೀಲಿಲ್ಲದ ಕ್ಯಾಮೆರಾ

ನಿನ್ನನ್ನು ಒಂದು ದಿನ ಸಿನಿಮಾದಲ್ಲಿ ತೋರಿಸುತ್ತೇನೆ ಎಂದು ಶಂಭುಲಿಂಗ ತಂಗಿಗೆ ಮಾತು ಕೊಟ್ಟದ್ದು ತುರುವೇಕೆರೆಯ ಟೆಂಟಿನ ಹಿಂದೆ, ಅವಳು ಅಳುತ್ತ ನಿಂತಿದ್ದಾಗ. ಅವನಿಗೆ ಆಗ ಹನ್ನೆರಡು, ಗಿರಿಜಾಂಬಿಕೆಗೆ ಎಂಟೋ ಒಂಬತ್ತೋ. ಮನೆಯಲ್ಲಿ ಹೇಳದೆ ತೋಟದಿಂದ ನಡೆದು ಹೋಗಿ, ನೆಲದ ಟಿಕೀಟಿನಲ್ಲಿ ಮರಳ ಮೇಲೆ ಕೂತು ನೋಡುತ್ತಿದ್ದವರನ್ನು ಅಪ್ಪಯ್ಯ ಹುಡುಕಿಕೊಂಡು ಬಂದಿದ್ದ. ಬಂದವನು ಮಗನ ಕಡೆ ನೋಡಲೂ ಇಲ್ಲ. ಮಗಳ ಜಡೆ ಹಿಡಿದು ಆಚೆಗೆ ಎಳೆದು, ಬೀಡಿ ಸೇದುತ್ತ ನಿಂತಿದ್ದವರ ಎದುರಿಗೇ ಬಡಿದ. ಹೊಡೆತಕ್ಕೆ ಅವಳು ಲಂಗದಲ್ಲೇ ಒದ್ದೆ ಮಾಡಿಕೊಂಡಳು. ಅಪ್ಪಯ್ಯ ಗಾಡಿ ಕಟ್ಟಲು ಹೋದಾಗ ಶಂಭುಲಿಂಗ ಅವಳ ಹತ್ತಿರ ಹೋಗಿ ಸಮಾಧಾನ ಹೇಳಬೇಕೆಂದುಕೊಂಡ. ಆದರೆ ಮರಳಲ್ಲಿ ಇಂಗುತ್ತಿದ್ದ ಒದ್ದೆ, ಅದರ ವಾಸನೆ. ಹೇಸಿಗೆಯಾಗಿ ದೂರದಲ್ಲೇ ನಿಂತು, ಅಳಬ್ಯಾಡ ಕಣೇ, ನಾನು ದೊಡ್ಡೋನಾದ ಮೇಲೆ ನಿನ್ನೇ ಸಿನಿಮಾದಾಗೆ ತೋರಿಸ್ತೀನಿ ಅಂದ. ಅವಳು ಮೂಗು ಒರೆಸಿಕೊಂಡು, ದೇವರಾಣೆ? ಎಂದಳು. ದೇವರಾಣೆ ಎಂದ. ಆ ಮಾತು ನೆನಪಾದಾಗಲೆಲ್ಲ ಅದನ್ನು ದೂರ ನಿಂತು ಹೇಳಿದ್ದೂ ನೆನಪಾಗುತ್ತಿತ್ತು.

ಈಗ ಜಗಲಿಯ ಮೇಲೆ ಕೂತು ಕ್ಯಾಮೆರಾದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದವನಿಗೆ ಅದು ಯಾಕೆ ನೆನಪಾಯಿತೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನುವುದು ಸುಳ್ಳು. ನಡುಮನೆಯ ಪಕ್ಕದ ಕತ್ತಲೆ ಕೋಣೆಯಿಂದ ಸಾಂಬ್ರಾಣಿ ಹೊಗೆ ಹೊಸಿಲು ದಾಟಿ ಬರುತ್ತಿತ್ತು. ಗಿರಿಜೆ ಚೊಚ್ಚಲ ಹೆರಿಗೆಗೆಂದು ಚಿಕ್ಕನಾಯಕನಹಳ್ಳಿಯ ಗಂಡನ ಮನೆಯಿಂದ ಬಂದಿದ್ದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡಸರು ಅದನ್ನು ಬಟ್ಟೆಯಲ್ಲಿ ಸುತ್ತಿ ತೋಟದ ಮೂಲೆಗೆ ಕೊಂಡೊಯ್ದಿದ್ದರು. ಆದರೂ ಹೆತ್ತ ಮೈ ಹೆತ್ತ ಮೈಯೇ ಅಂತ ಅವ್ವ ಬಾಣಂತನ ನಿಲ್ಲಿಸಿರಲಿಲ್ಲ. ಮಂಚದ ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಹೊತ್ತು ಹೊತ್ತಿಗೆ ಕೊಬ್ಬರಿ ಬೆಲ್ಲ. ತೊಟ್ಟಿಲು ಮಾತ್ರ ಅಟ್ಟದಿಂದ ಕೆಳಗಿಳಿದಿರಲಿಲ್ಲ. ಆ ಕೋಣೆಯ ಮೇಲೇ ಕಾಯಿ ಒಣಗಿಸುವ ಅಟ್ಟ. ವರ್ಷಗಟ್ಟಲೆ ಮಟ್ಟೆ ಸಮೇತ ಅಲ್ಲಿ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಕಾಯಿ ಒಳಗೊಳಗೇ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಹೊಗೆ ತಾಗಿದರೆ ಒಳ್ಳೆಯದೇ. ದೊಡ್ಡಣ್ಣ ತೋಂಟದಾರ್ಯ ಮೊನ್ನೆ ಉಂಡು ಕೈ ತೊಳೆಯುತ್ತ, ಈ ಸಲ ಕಾಯಿ ಬೇಗ ಒಣಗ್ತವೆ ಬುಡು, ಕೆಳಗೆ ಬೆಂಕಿ ಇದ್ದೇ ಐತಲ್ಲ, ಎಂದಿದ್ದ. ಕೇಳಿಸಿಕೊಂಡ ಶಂಭುಲಿಂಗನಿಗೆ ಮೈ ಉರಿಯಿತು. ಆಮೇಲೆ, ಈ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು. ಯಾವುದು ಮೊದಲು ಅನಿಸಿತೆಂದು ಈಗ ಅವನಿಗೆ ಖಾತ್ರಿಯಿರಲಿಲ್ಲ.

ಅವ್ವ ಕಲ್ಲಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಳು. "ತಲೆ ನೋಡು, ನಾರು ಎದ್ದಂಗೆ ಎದ್ದೈತೆ. ಬಾರಪ್ಪ, ಒಂಚೂರು ಎಣ್ಣೆ ಮಡಗ್ತೀನಿ."

"ಬ್ಯಾಡ ಬುಡವ್ವ."

"ಏನು ಬ್ಯಾಡ? ತೆಂಗಿನ ತೋಟದಾಗೆ ಹುಟ್ಟಿದ ಮಗ ಎಣ್ಣೆ ಬ್ಯಾಡ ಅಂದ್ರೆ ಜನ ಏನಂದಾರು? ನಿನ್ನ ವಿಲಾಯ್ತಿಲಿ ಎಣ್ಣೆ ಹಚ್ಕೊಂಡ್ರೆ ದಂಡ ಹಾಕ್ತಾರಾ?"

ಅವಳ ಬೆರಳು ನೆತ್ತಿಗೆ ತಾಗಿದ್ದೇ ಅವನು ಗಾಜು ಒರೆಸುವುದನ್ನು ನಿಲ್ಲಿಸಿದ. ದಂಡ ಹಾಕಿರಲಿಲ್ಲ. ಇಂಗ್ಲೆಂಡಿನ ಆ ಮಸಿ ಬಣ್ಣದ ಊರಿಗೆ ಸಿನಿಮಾ ಕಲಿಯಲು ಹೋದ ಮೊದಲ ತಿಂಗಳು, ಅವನು ಬಾಡಿಗೆಗಿದ್ದ ಮನೆಯ ಮುದುಕಿ ಅವನ ದಿಂಬಿನ ಮೇಲೆ ದಿನಾ ಒಂದು ಹಳೆಯ ಪತ್ರಿಕೆ ಹಾಸಿಡತೊಡಗಿದಳು. ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದರೆ ಕೆನ್ನೆಗೆ ಅಚ್ಚಿನ ಮಸಿ ಅಂಟಿರುತ್ತಿತ್ತು. ಒಮ್ಮೆ ಹಾಗೆಯೇ ಕ್ಲಾಸಿಗೆ ಹೋಗಿ, ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವನೂ ನಕ್ಕಿದ್ದ. ಅವತ್ತು ಸಂಜೆ ಅವ್ವ ಕಳಿಸಿದ್ದ ಎಣ್ಣೆಯ ಸೀಸೆಯನ್ನು ಕಕ್ಕಸಿಗೆ ಸುರಿದ. ಚಳಿಗೆ ಗಟ್ಟಿಯಾಗಿದ್ದ ಎಣ್ಣೆ ಬಿಳಿ ಬಿಳಿಯಾಗಿ ನೀರ ಮೇಲೆ ತೇಲಿತು, ಎಷ್ಟು ನೀರು ಬಿಟ್ಟರೂ ಹೋಗಲಿಲ್ಲ. ಕೊನೆಗೆ ಕೈ ಹಾಕಿ ತೆಗೆಯಬೇಕಾಯಿತು. ಆ ಕೈಯನ್ನು ಎಷ್ಟು ತೊಳೆದನೋ. ಈಗ ಊರಿಗೆ ಬಂದ ಮೇಲೆ ಎಲ್ಲರ ತಲೆಯಿಂದ, ದಿಂಬಿನಿಂದ, ಬಾಗಿಲ ಚಿಲಕದಿಂದ ಅದೇ ಕಮಟು ವಾಸನೆ. ತನ್ನವರನ್ನು ಮೂಗಿನಿಂದ ನೋಡುವುದು ಯಾವಾಗ ಅಭ್ಯಾಸವಾಯಿತೋ. ಅವ್ವ ತಬ್ಬಿಕೊಂಡಾಗ ಉಸಿರು ಹಿಡಿದು ನಿಂತಿದ್ದ. ಮಗನಿಗೆ ದುಃಖ ಒತ್ತರಿಸಿ ಬಂದಿದೆ ಎಂದುಕೊಂಡು ಅವಳು ಇನ್ನೂ ಬಿಗಿಯಾಗಿ ತಬ್ಬಿದ್ದಳು.

ಸಿನಿಮಾ ಶಾಲೆಯ ಮೇಷ್ಟರಿಗೆ ಒಂದು ಕಾಲು ಕುಂಟು, ಬಾಯಲ್ಲಿ ಸದಾ ಪೈಪು. ಕೊನೆಯ ವರ್ಷದ ಸಾಕ್ಷ್ಯಚಿತ್ರವನ್ನು ಊರಿಗೆ ಹೋಗಿಯೇ ತೆಗೆಯುತ್ತೇನೆ, ಕೊಬ್ಬರಿಯ ಮೇಲೆ, ಎಂದಾಗ ಕೈಕುಲುಕಿ ಕ್ಯಾಮೆರಾ ಕೊಡಿಸಿದ್ದರು. ಮೊದಲು ಕಳಿಸಿದ ರೀಲುಗಳನ್ನು ತೊಳೆಸಿ ನೋಡಿ ತಂತಿ ಕೊಟ್ಟಿದ್ದರು: ಮರಗಳು ಚೆನ್ನಾಗಿವೆ, ಮನುಷ್ಯರು ಎಲ್ಲಿ? ತುರುವೇಕೆರೆ ಅಂಚೆ ಕಚೇರಿಯ ಜವಾನ ಅದನ್ನು ತಂದುಕೊಟ್ಟು, ಸಾವಿನ ಸುದ್ದಿಯೇನೋ ಎಂದು ಮುಖ ಸಣ್ಣಗೆ ಮಾಡಿಕೊಂಡು ಜಗಲಿಯಲ್ಲೇ ನಿಂತಿದ್ದ. ಹೊರಡುವ ಮುಂಚೆಯೂ ಮೇಷ್ಟರು ಹೇಳಿದ್ದರು: ನೀನು ತೀರ ಸಭ್ಯ. ಬಾಗಿಲು ತಟ್ಟಿ ಒಳಗೆ ಹೋಗುವವನು. ಅಂಥವರಿಗೆ ಜನ ಬಟ್ಟೆ ಸರಿಮಾಡಿಕೊಂಡೇ ಕಾಣಿಸಿಕೊಳ್ಳುತ್ತಾರೆ. ಅದನ್ನು ಹೊಗಳಿಕೆಯೆಂದು ತಿಳಿದು ಥ್ಯಾಂಕ್ಯೂ ಅಂದಿದ್ದು ನೆನಪಾಗಿ, ಈಗ ಜಗಲಿಯ ಮೇಲೆ, ಅವ್ವನ ಬೆರಳುಗಳ ಕೆಳಗೆ, ಶಂಭುಲಿಂಗನ ಕಿವಿ ಬಿಸಿಯಾಯಿತು.

ಬಟ್ಟೆ ಸರಿಮಾಡಿಕೊಂಡು ಬಂದವರು ಒಬ್ಬರೇ ಇಬ್ಬರೇ. ಕ್ಯಾಮೆರಾ ಬಂದಿದೆಯೆಂದು ತಿಳಿದದ್ದೇ ತಡ, ಸುತ್ತಿನವರೆಲ್ಲ ಒಗೆದ ಪಂಚೆ ಉಟ್ಟು, ವಿಭೂತಿ ಬಳಿದು, ಕೈಗಡಿಯಾರ ಕಾಣುವಂತೆ ತೋಳು ಮಡಿಸಿ ಬಂದು ನಿಂತರು. ರೀಲು ಇದ್ದದ್ದು ಕಡಿಮೆ. ಬೇಡ ಅನ್ನಲು ದಾಕ್ಷಿಣ್ಯ. ಅದಕ್ಕೆ ಶಾಲೆಯಲ್ಲಿ ಯಾರೋ ಹೇಳಿಕೊಟ್ಟ ಉಪಾಯವೊಂದಿತ್ತು: ಒಳಗೆ ರೀಲು ಹಾಕದೆ ಬರಿದೇ ಕೀಲಿ ತಿರುಗಿಸಿ ಓಡಿಸುವುದು. ಕರ್ರೆಂದು ಸದ್ದಾಗುತ್ತದೆ, ಅವರು ಸಂತೋಷಪಟ್ಟು ಹೋಗುತ್ತಾರೆ. ಮೊದಲ ಸಲ ಹಾಗೆ ಮಾಡಿದಾಗ ಅವರ ಮುಖ ನೋಡಲಾಗಿರಲಿಲ್ಲ. ಆಮೇಲೆ, ಖಾಲಿ ಡಬ್ಬದ ಎದುರು ಎದೆ ಸೆಟೆಸಿ ನಿಂತವರನ್ನು ನೋಡುತ್ತ ನೋಡುತ್ತ ಅವರ ಮೇಲೇ ಒಂದು ತಿರಸ್ಕಾರ ಹುಟ್ಟಿಕೊಂಡಿತು, ಮೋಸಹೋದದ್ದು ಅವರ ತಪ್ಪೇ ಎಂಬ ಹಾಗೆ.

ನಿನ್ನೆ ಗಿರಿಜೆ ಬಂದಳು. ಹೂಬಿಸಿಲಲ್ಲಿ ಬಾವಿಕಟ್ಟೆಯ ಹತ್ತಿರ ಅವನು ಕಾಯಿ ಸುಲಿಯುವವರಿಗಾಗಿ ಕಾಯುತ್ತಿದ್ದಾಗ, ಮದುವೆಯ ರೇಷ್ಮೆ ಸೀರೆಯುಟ್ಟು, ಮುಖಕ್ಕೆ ಪೌಡರ್ ಬಳಿದು, ತಲೆಯ ಬಟ್ಟೆ, ಕಿವಿಯ ಹತ್ತಿ ಎಲ್ಲ ಕಿತ್ತುಹಾಕಿ, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವ್ವ ಹಿಂದೆಯೇ ಕೂಗುತ್ತ ಬಂದಳು: "ಗಾಳಿಗೆ ಬರಬ್ಯಾಡ ಕಣೇ, ಬಾಣಂತಿ ಹೆಂಗ್ಸು!"

"ಯಾವ ಬಾಣಂತಿ? ಮಗ ಎಲ್ಲೈತೆ ತೋರ್ಸು, ಒಳಿಕ್ಕೋಯ್ತೀನಿ," ಅಂದಳು ಗಿರಿಜೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ನಿಂತಳು. ಗಿರಿಜೆ ಅವನ ಕಡೆ ತಿರುಗಿ, "ಅಣ್ಣ, ಸಿನಿಮಾದಾಗೆ ತೋರಿಸ್ತೀನಿ ಅಂದಿದ್ದೆ. ಮರೆತೀಯೇನೋ ಅಂತ ನಾನೇ ಬಂದೆ ನೋಡು," ಎಂದು ನಕ್ಕಳು.

ಬೆವರಿಗೆ ಪೌಡರು ಕತ್ತಿನಲ್ಲಿ ಗೆರೆಗೆರೆಯಾಗಿತ್ತು. ರವಿಕೆಯ ಮುಂಭಾಗ ಎರಡು ಕಡೆ ಕಪ್ಪಗೆ ಒದ್ದೆಯಾಗಿ ಹರಡುತ್ತಿತ್ತು. ಇದೂ ಬೆವರೇ ಎಂದುಕೊಂಡು ಅವನು ದೃಷ್ಟಿ ತಪ್ಪಿಸಿದ. ಹುಳಿ ವಾಸನೆಯೊಂದು ಬಂತು. ಜೊತೆಗೆ ಮಲ್ಲಿಗೆಯ ವಾಸನೆ. ಮುಡಿಯಲ್ಲಿ ಮಾತ್ರ ಹೂವಿರಲಿಲ್ಲ. ದಿನಾ ಬೆಳಿಗ್ಗೆ ತುರುವೇಕೆರೆಯಿಂದ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಹೊರೆಹೊರೆಯಾಗಿ ಈ ಮನೆಗೆ ಬರುತ್ತಿತ್ತು. ಸೂತಕದಂಥ ಮನೆಯಲ್ಲಿ ಇವರಿಗೆ ಇಷ್ಟೊಂದು ಹೂವು ಮುಡಿಯುವ ಚಪಲವೇ ಎಂದು ಅವನು ಮನಸ್ಸಿನಲ್ಲೇ ಬೈದುಕೊಂಡಿದ್ದ. ಈ ರೇಷ್ಮೆ, ಈ ಪೌಡರು, ಈ ನಗು ಯಾವ ಚಿತ್ರಕ್ಕೂ ಬೇಡ. ಮೇಷ್ಟರು ನೋಡಿದರೆ ಏನಂದಾರು! ಅವನು ಬೆನ್ನು ತಿರುಗಿಸಿ ರೀಲು ಬದಲಿಸುವವನಂತೆ ಮುಚ್ಚಳ ತೆಗೆದು, ಹೊಸ ರೀಲಿನ ಡಬ್ಬಿಯನ್ನು ತೆರೆಯದೆ ಜೋಪಾನವಾಗಿ ಚೀಲಕ್ಕೇ ಹಾಕಿ, ಖಾಲಿ ಕ್ಯಾಮೆರಾಕ್ಕೆ ಕೀಲಿ ಕೊಟ್ಟ. "ನಡೀ, ಬಾಗಿಲಿಂದ ಬಾವಿಗಂಟ. ಇತ್ಲಾಗೆ ನೋಡಬ್ಯಾಡ." ಅವಳು ನಡೆದಳು. ಹೆರಿಗೆಯ ಹೊಲಿಗೆ ಜಗ್ಗುತ್ತಿತ್ತೇನೋ, ಒಂದು ಕಡೆ ತುಟಿ ಕಚ್ಚಿಕೊಂಡಳು; ಆದರೂ ನಡೆದಳು. ಬಾವಿಕಟ್ಟೆ ಹಿಡಿದು ನಿಂತು, ಮಗುವಿನ ಹಾಗೆ ಕೇಳಿದಳು: "ಚೆನ್ನಾಗಿ ಬಂತಾ?"

"ಬಂತು."

ಸಂಜೆ ದೊಡ್ಡಣ್ಣನ ಜೊತೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಾಗ ಅವನು ಈ ಖಾಲಿ ಓಡಿಸುವ ಗುಟ್ಟನ್ನು ಹೇಳಿದ. ಯಾಕೆ ಹೇಳಿದನೋ. ಊರಲ್ಲಿ ಅಣ್ಣನ ಎದುರಿಗೆ ತಾನೂ ಲೋಕ ಕಂಡವನೆಂದು ತೋರಿಸಿಕೊಳ್ಳುವ ಚಪಲ ಇದ್ದೇ ಇತ್ತು. ತೋಂಟದಾರ್ಯ ತೊಡೆ ತಟ್ಟಿ ನಕ್ಕ. "ಥೂ ಕಳ್ಳನನ್ಮಗನೇ! ಆ ಶಾನುಭೋಗ್ರು ಕೋಟು ಇಸ್ತ್ರಿ ಮಾಡಿಸ್ಕೊಂಡು ಬಂದಿದ್ರು ಕಣ್ಲಾ! ಅಂಗಾರೆ ನಂದೂ ಬರೀ ಸದ್ದೇನಾ?"

"ನಿನ್ನದಕ್ಕೆ ಹಾಕಿದ್ದೆ ಅಣ್ಣ," ಎಂದು ಸುಳ್ಳು ಹೇಳಿದ.

"ಗಿರಿಜಂದು?"

"ಅದೂ ಖಾಲಿಯೇ."

ತೋಂಟದಾರ್ಯ ನಗು ನಿಲ್ಲಿಸಿ ಎಲೆಯ ತೊಟ್ಟು ಮುರಿದ. "ಒಳ್ಳೇದಾಯ್ತು ಬುಡು. ಮನೆ ಹೆಣ್ಮಕ್ಕಳನ್ನ ಕಂಡೋರಿಗೆಲ್ಲ ಯಾಕೆ ತೋರಿಸ್ಬೇಕು? ನಿನಗೂ ಒಸಿ ಬುದ್ಧಿ ಐತೆ." ಬೆನ್ನ ಹಿಂದಿನ ಗೋಡೆಯಾಚೆ ಗಿರಿಜೆಯ ಮಂಚ. ಆ ಕಡೆ ಯಾರೋ ಕೆಮ್ಮಿದರು. ಹೊಗೆಗೆ ಕೆಮ್ಮಿರಬೇಕು ಅಂದುಕೊಂಡ. ಅಂದುಕೊಳ್ಳುವುದು ಸುಲಭವಾಗಿತ್ತು. ಹೆರಿಗೆಯ ದಿನವೂ ಹಾಗೆಯೇ ಅಂದುಕೊಂಡಿದ್ದ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ರಾಶಿಯ ಮೇಲೆ ಓರೆ ಬಿಸಿಲು ಬಿದ್ದು ಇಡೀ ಅಂಗಳ ತಾಮ್ರದ ಬಣ್ಣಕ್ಕೆ ತಿರುಗಿದ್ದ ಹೊತ್ತಿಗೆ, ಬಸ್ಸಿನ ಕಂಡಕ್ಟರ್ ಹುಡುಕಿಕೊಂಡು ಬಂದು, ನಿಮ್ಮ ತಂಗೀಗೆ ಬಾಳ ತ್ರಾಸಾಗೈತಂತೆ ಕಣ್ರೀ, ಬರಬೇಕಂತೆ ಎಂದಿದ್ದ. ಬಿಸಿಲು ಇನ್ನು ಸ್ವಲ್ಪ ಹೊತ್ತೇ. ಹೆರಿಗೆಯೆಂದ ಮೇಲೆ ತ್ರಾಸು ಇರುತ್ತದೆ, ಸಂಜೆಯ ಬಸ್ಸಿಗೆ ಹೋದರಾಯಿತು ಅಂದುಕೊಂಡ. ಮನೆ ಮುಟ್ಟಿದಾಗ ಗಂಡಸರು ಗುದ್ದಲಿ ತೊಳೆಯುತ್ತಿದ್ದರು. ಆ ಬಿಸಿಲಿನ ಚಿತ್ರ ಚೆನ್ನಾಗಿ ಬಂದಿದೆಯೆಂದು ಆಮೇಲೆ ಮೇಷ್ಟರೂ ಹೇಳಿದರು.

"ಸಾಕವ್ವ," ಎಂದು ಅವ್ವನ ಕೈ ಸರಿಸಿ ಎದ್ದ. ಅಟ್ಟದ ಮೇಲಿನ ಕಾಯಿಗಳನ್ನು ಹತ್ತಿರದಿಂದ ತೆಗೆಯುವುದು ಬಾಕಿಯಿತ್ತು. ಕ್ಯಾಮೆರಾಕ್ಕೆ ರೀಲು ಹಾಕಿ, ನಡುಮನೆಯ ಏಣಿ ಹತ್ತಿ, ಬಗ್ಗಿಕೊಂಡು ಅಟ್ಟಕ್ಕೆ ನುಗ್ಗಿದ. ಅಡಿಕೆ ದಬ್ಬೆಗಳನ್ನು ಹೊಗೆಯಾಡಲೆಂದು ಬೆರಳು ಸಂದಿನಷ್ಟು ಬಿಟ್ಟು ಹಾಸಿದ ಅಟ್ಟ. ಮಸಿ ಹಿಡಿದ ಕಾಯಿಗಳ ಮೇಲೆ ಅಂಗಾತ ಬೋರಲಾಗಿ ಹೊರಳುತ್ತ ಮುಂದೆ ಹೋಗಬೇಕು. ಎಲ್ಲೋ ಒಂದು ಕಾಯಿ ಒಡೆದು ಕೊಳೆತಿತ್ತು. ಆ ನಾತ ಮೂಗಿನಿಂದ ಗಂಟಲಿಗೆ ಇಳಿದು ಅಲ್ಲೇ ಕೂತಿತು. ಇಲಿ ಹಿಕ್ಕೆ, ಜೇಡರ ಬಲೆ, ಕೆಳಗಿನಿಂದ ಏಳುವ ಸಾಂಬ್ರಾಣಿ. ಈಗ ತಾನೇ ಹಚ್ಚಿದ ಎಣ್ಣೆ ಬೆವರಿನೊಡನೆ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ತಲೆ ಬಗ್ಗಿಸಿದಾಗ ದಬ್ಬೆಯ ಸಂದಿನಿಂದ ಕೋಣೆ ಕಂಡಿತು.

ಹಿತ್ತಿಲ ಬಾಗಿಲು ತೆರೆದಿತ್ತು. ಬೆಳಕು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅದರ ನಡುವೆ ಮಣೆಯ ಮೇಲೆ ಗಿರಿಜೆ ಕೂತಿದ್ದಳು. ಎದುರಿಗೆ ಬಾಣಂತಿಯರ ಮೈ ತೊಳೆಯಲು ಬರುವ ಸಿದ್ದಮ್ಮ. ಸಿದ್ದಮ್ಮ ಗಿರಿಜೆಯ ಎದೆಗೆ ಬಿಗಿದಿದ್ದ ಹಳೆಯ ಸೀರೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚುತ್ತಿದ್ದಳು. ಒಳಗಿನಿಂದ ನಿನ್ನೆಯ ಮಲ್ಲಿಗೆ ಮುದ್ದೆಮುದ್ದೆಯಾಗಿ ಉದುರಿತು, ಕಂದು ಬಣ್ಣಕ್ಕೆ ತಿರುಗಿ, ಹಾಲಲ್ಲಿ ತೊಯ್ದು ಅಂಟಂಟಾಗಿ. ಶಂಭುಲಿಂಗನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಹೂವು ಮುಡಿಗಲ್ಲ, ಹಾಲು ಬತ್ತಿಸುವುದಕ್ಕೆ ಎಂಬುದು ಅವನಿಗೆ ಹೊಳೆದದ್ದು ತಡವಾಗಿ. ಹೊಳೆದಾಗ ನಿನ್ನೆಯ ಒದ್ದೆ ರವಿಕೆ, ಆ ಹುಳಿ ವಾಸನೆ, ತಾನು ಬೈದುಕೊಂಡ ಚಪಲ ಎಲ್ಲವೂ ಬಾಯಿಗೆ ಬಂದಂತಾಯಿತು. ಆ ಹೂವಿನ ಮುದ್ದೆಯ ಮೇಲೆ ಆಗಲೇ ಇರುವೆ ಹತ್ತಿತ್ತು.

"ಅಳಬ್ಯಾಡ ಕಣ್ ತಾಯಿ, ಅತ್ತಷ್ಟೂ ಇಳೀತದೆ," ಎನ್ನುತ್ತಿದ್ದಳು ಸಿದ್ದಮ್ಮ. ಒಂದು ಕರಟದೊಳಕ್ಕೆ ಹಾಲು ಹಿಂಡುತ್ತಿದ್ದಳು. "ಇನ್ನು ನಾಕು ದಿನ ಹೂವ ಕಟ್ಟಿದ್ರೆ ಬತ್ತೋಯ್ತದೆ."

"ನೀನು ದಿನಾ ಅಂಗೇ ಅಂತೀಯ. ಇದಕ್ಕೆ ಗೊತ್ತೇ ಆಗಾಕಿಲ್ವಲ್ಲ ಸಿದ್ದಮ್ಮ, ಕುಡಿಯೋರು ಇಲ್ಲ ಅಂತ."

"ಮೈಗೆಲ್ಲಿ ಗೊತ್ತಾಗ್ತದೆ ತಾಯಿ. ಅದು ದನ ಇದ್ದಂಗೆ."

ನೋಡಬಾರದಿತ್ತು. ಒಡಹುಟ್ಟಿದವಳು. ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ, ಈ ಬೆಳಕಿನ ಚೌಕ, ಕಂದು ಹೂವು, ಬಿಳಿ ಹಾಲು, ಕಪ್ಪು ಕರಟ ಪರದೆಯ ಮೇಲೆ ಹೇಗೆ ಬರುತ್ತದೆಂಬುದು ಸ್ಪಷ್ಟವಾಗಿ ಕಂಡಿತು. ಮನುಷ್ಯರು ಎಲ್ಲಿ? ಇಲ್ಲಿದ್ದಾರೆ. ಕಣ್ಣು ತೆರೆಯುವುದರೊಳಗೆ ಕೈ ಕ್ಯಾಮೆರಾವನ್ನು ಸಂದಿಗೆ ಇಟ್ಟಾಗಿತ್ತು, ಬೆರಳು ಗುಂಡಿ ಒತ್ತಿಯಾಗಿತ್ತು. ಹೇಸಿಗೆ ಹಾಗೆಯೇ ಇತ್ತು. ಆದರೆ ಅದು ಕೈಯನ್ನು ತಡೆಯಲಿಲ್ಲ. ಅದಕ್ಕಿಂತ ಅಸಹ್ಯವಾದದ್ದು, ಹೇಸಿಗೆಯಾದಷ್ಟೂ ಚಿತ್ರ ಚೆನ್ನಾಗಿದೆಯೆಂದು ಅವನಿಗೆ ಗೊತ್ತಾಗುತ್ತಿದ್ದದ್ದು. ಇನ್ನಷ್ಟು ಹತ್ತಿರವಾಗಲೆಂದು ಮೊಣಕೈ ಊರಿದ. ಅಡಿಯಲ್ಲಿದ್ದ ಒಣಗಿದ ಕಾಯಿಗಳು ಉರುಳಿ, ಒಳಗಿನ ಕೊಬ್ಬರಿ ಗಿಟುಕುಗಳು ಲೊಡಲೊಡನೆ ಬಡಿದುಕೊಂಡವು. ಮಸಿಯೂ ನಾರಿನ ಧೂಳೂ ಸಂದಿನಿಂದ ಕೆಳಗೆ ಉದುರಿತು.

ಸಿದ್ದಮ್ಮ ತಲೆಯೆತ್ತಿ, "ಯಾರಲಾ ಅದು ಮ್ಯಾಲೆ?" ಎಂದು ಕಿರುಚಿದಳು. ಗಾಜು ಮಿಂಚಿರಬೇಕು. "ಅಯ್ಯಯ್ಯೋ, ಚಿಕ್ಕಯ್ನೋರಾ! ನಿಮ್ ಕಣ್ಣಿಗೆ ಏನು ಬಂತು? ಒಡಹುಟ್ಟಿದೋಳು ಕಣ್ರೀ! ಥೂ, ಇಳೀರಿ ಕೆಳೀಕೆ! ಕಲ್ಲವ್ವಾ..."

"ಕೂಗಬ್ಯಾಡ ಸಿದ್ದಮ್ಮ," ಅಂದಳು ಗಿರಿಜೆ. ಬಟ್ಟೆಗೆ ಕೈ ಚಾಚಲಿಲ್ಲ. ಮುಖದ ಮೇಲೆ ಬಿದ್ದ ಮಸಿಯನ್ನೂ ಒರೆಸಿಕೊಳ್ಳಲಿಲ್ಲ. ಮುಖವೆತ್ತಿ ನೇರ ಗಾಜಿನೊಳಗೆ ನೋಡಿದಳು. ಸಿಟ್ಟಿರಲಿಲ್ಲ, ನಾಚಿಕೆಯಿರಲಿಲ್ಲ, ಅಂಗಡಿಯಲ್ಲಿ ತೂಕ ಸರಿಯಾಗಿದೆಯೋ ಇಲ್ಲವೋ ಎಂದು ಕೇಳುವವರ ಧ್ವನಿಯಲ್ಲಿ ಕೇಳಿದಳು: "ಅಣ್ಣ, ಇವತ್ತು ರೀಲು ಹಾಕಿದೀಯಾ?"

ಇಲ್ಲ ಅಂದುಬಿಡಬಹುದಿತ್ತು. ಇಲ್ಲ ಅಂದರೆ ಅವಳು ಸೆರಗೆಳೆದುಕೊಳ್ಳುತ್ತಾಳೆ, ಚಿತ್ರ ಮುಗಿಯುತ್ತದೆ. "ಹ್ಞೂಂ," ಅಂದ. ಊರಿಗೆ ಬಂದ ಮೇಲೆ ಅವಳಿಗೆ ಹೇಳಿದ ಒಂದೇ ನಿಜ ಅದು. ಅದನ್ನೂ ಲಾಭ ನೋಡಿಯೇ ಹೇಳಿದ್ದ.

"ಅಂಗಾರೆ ತಗೋ," ಅಂದಳು. "ಸಿದ್ದಮ್ಮ, ನೀನು ಒಸಿ ಅತ್ಲಾಗೆ ಸರಿ. ಬೆಳಕಿಗೆ ಅಡ್ಡ ಬತ್ತೀಯ."

ಸಿದ್ದಮ್ಮ ಸರಿದಳು, ಗೋಡೆಗೆ ಮುಖ ಮಾಡಿ ನಿಂತು, ಕರಟ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೀಲಿ ಬಿಚ್ಚಿಕೊಂಡು ಕ್ಯಾಮೆರಾ ನಿಂತಿತು. ಆಗ ನಿಂತದ್ದು ಅವನಿಗೆ ಒದಗಿದ ಎರಡನೆಯ ಅವಕಾಶ. ಕೆಳಗಿಳಿದು ಹೋಗಿ ಅವಳ ಮುಂದೆ ಕೂರಬಹುದಿತ್ತು. ಕೂತು ಏನು ಹೇಳುವುದು? ಅಂಗಾತ ಮಲಗಿ, ಎದೆಗೆ ಕ್ಯಾಮೆರಾ ಒತ್ತಿಕೊಂಡು, ಕಟಕಟನೆ ಕೀಲಿಯನ್ನು ಪೂರ್ತಿ ತಿರುಗಿಸಿದ. ಆ ಸದ್ದು ನಿಲ್ಲುವತನಕ ಗಿರಿಜೆ ಕತ್ತೆತ್ತಿಕೊಂಡು ಕಾದಳು. ಆಮೇಲೆ ರೀಲು ಮುಗಿಯುವವರೆಗೂ ಅವಳು ಕಣ್ಣು ಕೀಳಲಿಲ್ಲ. ಅವನು ಗಾಜಿನ ಹಿಂದೆ ಇದ್ದ.

ಅಟ್ಟದಿಂದ ಇಳಿದು ಬಂದವನು ಹಿತ್ತಿಲಲ್ಲಿ ಬಗ್ಗಿ ನಿಂತು ಗಂಟಲಿಗೆ ಬೆರಳು ಹಾಕಿದ. ಏನೂ ಬರಲಿಲ್ಲ. ಸಿದ್ದಮ್ಮ ಕರಟದ ಹಾಲನ್ನು ತೆಂಗಿನ ಬುಡಕ್ಕೆ ಸುರಿದು, ಅವನನ್ನು ನೋಡಿ, ಪಕ್ಕಕ್ಕೆ ಉಗಿದು ಒಳಗೆ ಹೋದಳು. ಸಿದ್ದಮ್ಮ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದೊಡ್ಡಣ್ಣ ರೀಲು ಕಿತ್ತು ಒಲೆಗೆ ಹಾಕುತ್ತಿದ್ದ; ಶಂಭುಲಿಂಗ ಎರಡು ದಿನ ಅದಕ್ಕಾಗಿಯೇ ಕಾದ. ಬೇರೆಯವರು ಸುಡಲಿ ಎಂದು ಕಾಯುವುದು ಎಂಥ ಹೇಡಿತನವೆಂದು ಗೊತ್ತಿತ್ತು. ರೀಲಿನ ಡಬ್ಬಿಯ ಮುಚ್ಚಳವನ್ನು ಒಮ್ಮೆ ಬಿಸಿಲಲ್ಲಿ ತೆರೆದರೆ ಸಾಕಿತ್ತು, ಚಿತ್ರವೆಲ್ಲ ಅಳಿಸಿಹೋಗುತ್ತಿತ್ತು. ತೆರೆಯದೆ, ಬೆಳಕು ಹೋಗದ ಹಾಗೆ ಸುತ್ತ ಅಂಟುಪಟ್ಟಿ ಸುತ್ತಿದ. ಹೊರಡುವ ದಿನ ಗಿರಿಜೆ ಬಾಗಿಲಿಗೆ ಬಂದು, "ಹುಷಾರು ಅಣ್ಣ," ಅಂದಳು, ಅಷ್ಟೇ. ಅವನು ಅವಳ ಮುಡಿ ನೋಡಿದ, ಕಾಲು ನೋಡಿದ, ಮುಖ ನೋಡಲಿಲ್ಲ. ಅವ್ವ ಒಂದು ಸೀಸೆ ಎಣ್ಣೆ ಕೊಟ್ಟಳು. ಬಸ್ಸಿನ ಸೀಟಿನ ಕೆಳಗೆ ಅದನ್ನು ಬಿಟ್ಟು ಇಳಿದ.

ಆ ವರ್ಷದ ಕೊನೆಗೆ ಶಾಲೆಯ ಸಭಾಂಗಣದಲ್ಲಿ ಎಲ್ಲರ ಚಿತ್ರಗಳನ್ನೂ ತೋರಿಸಿದರು. ಬಾಡಿಗೆ ಮನೆಯ ಮುದುಕಿಯೂ ಬಂದಿದ್ದಳು. ಪರದೆಯ ಮೇಲೆ ಗಿರಿಜೆ ಮುಖವೆತ್ತಿದಾಗ ಅಲ್ಲಿ ಯಾರೂ ಕೆಮ್ಮಲಿಲ್ಲ. ದೀಪ ಹತ್ತಿದ ಮೇಲೆ ಮೇಷ್ಟರು ಕುಂಟುತ್ತ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಕೊನೆಗೂ ಸಭ್ಯತೆ ಬಿಟ್ಟೆ ಎಂದರು. ಥ್ಯಾಂಕ್ಯೂ ಎಂದ. ಮುದುಕಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಆ ಬಡಪಾಯಿ ಹೆಂಗಸು ಯಾರು, ನಿನಗೆ ಗೊತ್ತಿದ್ದವಳೇ, ಎಂದು ಕೇಳಿದಳು. ನಮ್ಮ ಕಡೆಯವಳು, ಅಂದ.

ತಂಗಿಯನ್ನು ಸಿನಿಮಾದಲ್ಲಿ ತೋರಿಸುತ್ತೇನೆಂದು ಕೊಟ್ಟ ಮಾತನ್ನು ಶಂಭುಲಿಂಗ ನಡೆಸಿಕೊಟ್ಟ.